ಸೀಕ್ವೆಸ್ಟ್ರೇಷನ್ ಕೀಹೋಲಲ್ಲೇ ತೆಗೆಯಬಹುದು: ನನ್ನ ಅನುಭವ

ಇಂಟ್ರಾಲೋಬಾರ್ ಸೀಕ್ವೆಸ್ಟ್ರೇಷನ್ ಅಂದರೆ ಶ್ವಾಸಕೋಶದ ಒಂದು ಲೋಬಿನ (ಹೋಳಿನ) ಒಳಗೇ ಇರುವ, ಕೆಲಸಕ್ಕೆ ಬಾರದ ಭಾಗ; ಅದಕ್ಕೆ ರಕ್ತ ಬರುವುದು ಅಯೋರ್ಟಾ ಎಂಬ ಮಹಾಧಮನಿಯಿಂದ. ದೊಡ್ಡವರಲ್ಲಿ ಇದನ್ನು ಕೀಹೋಲಲ್ಲಿ (ಎದೆ ತೆರೆಯದೆ, ಸಣ್ಣ ರಂಧ್ರಗಳ ಮೂಲಕ) ಮುಟ್ಟಬೇಡ ಎಂದೇ ನನ್ನ ಹಿರಿಯರು ಹೇಳುತ್ತಿದ್ದರು. ವರ್ಷಗಟ್ಟಲೆ ಸೋಂಕಾಗಿ ಎಲ್ಲ ಅಂಟಿಕೊಂಡಿರುತ್ತದೆ, ಅಯೋರ್ಟಾದಿಂದ ಬರುವ ರಕ್ತನಾಳ ಕಿತ್ತರೆ ಎದೆ ತೆರೆಯುವಷ್ಟರಲ್ಲಿ ಕೈ ಮೀರುತ್ತದೆ ಅನ್ನೋದು ಅವರ ವಾದ. ಶುರುವಿನಲ್ಲಿ ಹಲವು ಕೇಸುಗಳನ್ನು ಅರ್ಧದಲ್ಲಿ ಓಪನ್ ಮಾಡಬೇಕಾಯಿತು ನಿಜ. ಈಗ ಬಹುಪಾಲು ಮೂರು ಸಣ್ಣ ರಂಧ್ರಗಳಲ್ಲೇ ಮುಗಿಯುತ್ತಿವೆ. ನಾಲ್ಕೈದು ದಿನಕ್ಕೆ ಮನೆಗೆ ಹೋಗುತ್ತಾರೆ.

ಈ ರೋಗಿಗಳು ಬರುವ ದಾರಿ ನಿಮಗೆಲ್ಲ ಗೊತ್ತೇ ಇದೆ. ಕಫದಲ್ಲಿ ರಕ್ತ, ಪದೇ ಪದೇ ನ್ಯುಮೋನಿಯಾ, ಕಫ ಪರೀಕ್ಷೆಯಲ್ಲಿ ಏನೂ ಸಿಗದಿದ್ದರೂ 6 ತಿಂಗಳ ಟಿಬಿ ಮಾತ್ರೆ. ಎಡಗಡೆ ಕೆಳಗಿನ ಲೋಬಿನ ಹಿಂಭಾಗದಲ್ಲಿ, ಒಂದೇ ಜಾಗದಲ್ಲಿ ಮತ್ತೆ ಮತ್ತೆ ನೆರಳು ಕಂಡರೆ ನಾನು ನೇರ ಸಿಟಿ ಆಂಜಿಯೋ (ರಕ್ತನಾಳ ತೋರಿಸುವ ಸ್ಕ್ಯಾನ್) ಬರೆಯುತ್ತೇನೆ. ಮೇಲ್ಹೊಟ್ಟೆಯವರೆಗೂ ಬೇಕು. ಆ ನಾಳ ಡಯಾಫ್ರಂ (ಎದೆ, ಹೊಟ್ಟೆ ನಡುವಿನ ಸ್ನಾಯು) ಕೆಳಗಿನಿಂದ ಬರುವುದೂ ಉಂಟು, ಎರಡಿರುವುದೂ ಉಂಟು.

ಮೊದಲು ಎಂಬೊಲೈಸೇಷನ್ (ನಾಳದೊಳಗೆ ಕಾಯಿಲ್ ಎಂಬ ಲೋಹದ ಸುರುಳಿ ಇಟ್ಟು ರಕ್ತ ತಡೆಯುವುದು) ಒಂದರಲ್ಲೇ ಮುಗಿಸೋಣ ಅಂತ ನೋಡಿದೆವು. ರಕ್ತ ನಿಂತಿತು, ಆದರೆ ಜ್ವರ, ಎದೆನೋವು ವಾರಗಟ್ಟಲೆ. ಕೆಟ್ಟ ಭಾಗ ಒಳಗೇ ಇತ್ತಲ್ಲ! ಕೊನೆಗೆ ಲೋಬೆಕ್ಟಮಿ (ಇಡೀ ಲೋಬ್ ತೆಗೆಯುವುದು) ಆಗಲೇಬೇಕಾಯಿತು, ಕಾಯಿಲ್ ದುಡ್ಡು ಬೇರೆ ಹೋಯಿತು. ಈಗ ನಾಳ ತೀರಾ ದಪ್ಪಗಿದ್ದರೆ, ಇಲ್ಲವೇ ರಕ್ತ ಜಾಸ್ತಿ ಬರುತ್ತಿದ್ದರೆ ಮಾತ್ರ ಆಪರೇಷನ್‌ಗೆ ಮುಂಚೆ ಎಂಬೊಲೈಸೇಷನ್ ಮಾಡಿಸುತ್ತೇನೆ.

ಕೆಲಸ ಕೈಗೂಡಿದ್ದು ಕ್ರಮ ಬದಲಿಸಿದ ಮೇಲೆ. ಮೇಲಿನ ಅಂಟು ಬಿಡಿಸುತ್ತಾ ಕೂರುವುದಿಲ್ಲ. ಸೀದಾ ಇನ್‌ಫೀರಿಯರ್ ಲಿಗಮೆಂಟ್‌ಗೆ (ಶ್ವಾಸಕೋಶದ ಕೆಳಭಾಗವನ್ನು ಹಿಡಿದಿರುವ ಪೊರೆ) ಇಳಿದು ನಾಳವನ್ನೇ ಮೊದಲು ಹಿಡಿಯುತ್ತೇನೆ. ನಾಳವನ್ನು ಪೂರ್ತಿ ಬಿಡಿಸಿ ಬೆತ್ತಲೆ ಮಾಡಬೇಡಿ, ಸುತ್ತ ಸ್ವಲ್ಪ ಟಿಷ್ಯೂ ಇರಲಿ. ಅದರ ಗೋಡೆ ಹಳೇ ಸೈಕಲ್ ಟ್ಯೂಬಿನ ಹಾಗೆ ಸೀಳುತ್ತದೆ. ಕ್ಲಿಪ್ಪೊಂದನ್ನೇ ನಂಬುವುದಿಲ್ಲ, ವ್ಯಾಸ್ಕ್ಯುಲರ್ ಸ್ಟೇಪ್ಲರೇ (ನಾಳಕ್ಕೆ ಪಿನ್ನು ಹೊಡೆದು ಮುಚ್ಚಿ ಕತ್ತರಿಸುವ ಸಾಧನ) ಆಗಬೇಕು. ಅದರ ದವಡೆಯನ್ನು ನಾಳದ ಹಿಂದೆ ತೂರಿಸಲು ನನ್ನದೇ ಒಂದು ಉಪಾಯ ಇದೆ. ಬರೆದರೆ ತಿಳಿಯುವುದಿಲ್ಲ, ಥಿಯೇಟರಿಗೆ ಬಂದವರಿಗೆ ತೋರಿಸುತ್ತೇನೆ.

ಸ್ಟೇಪ್ಲರಿಗೆ ಹಾಕುವ ಪಿನ್ನಿನ ಕಾರ್ಟ್ರಿಜ್ ಒಂದಕ್ಕೆ 10 ಸಾವಿರ ರೂಪಾಯಿ ಆಸುಪಾಸು, ಐದಾರು ಬೇಕು. ಕೂಲಿ ಮಾಡುವವರು ಎಲ್ಲಿಂದ ತರಬೇಕು? ಹಾಗಾಗಿ ಶ್ವಾಸಕೋಶದ ಸಣ್ಣ ರಕ್ತನಾಳಗಳಿಗೆ ರೇಷ್ಮೆ ದಾರ ಕಟ್ಟಿ ಒಂದೆರಡು ಉಳಿಸುತ್ತೇನೆ.

ನಡುವೆ ಇಂಡೋಸಯನಿನ್ ಗ್ರೀನ್ (ವಿಶೇಷ ಕ್ಯಾಮೆರಾದಲ್ಲಿ ಹೊಳೆಯುವ ಬಣ್ಣ) ಕೂಡ ನೋಡಿದೆ. ನಾಳ ಕತ್ತರಿಸಿದ ಮೇಲೆ ರಕ್ತಕ್ಕೆ ಚುಚ್ಚಿದರೆ ಒಳ್ಳೆ ಭಾಗ ಹೊಳೆಯುತ್ತದೆ, ಕೆಟ್ಟದ್ದು ಕಪ್ಪಾಗೇ ಉಳಿಯುತ್ತದೆ. ಅಷ್ಟನ್ನೇ ತೆಗೆಯಬಹುದು, ಲೋಬ್ ಉಳಿಯುತ್ತದೆ. ಸೋಂಕು ಕಡಿಮೆ ಇದ್ದವರಲ್ಲಿ ಗಡಿ ಸೊಗಸಾಗಿ ಕಂಡಿತು. ಹಳೇ ಸೋಂಕಿದ್ದ ಒಬ್ಬರಲ್ಲಿ ಎಲ್ಲ ಮಸುಕಾಗಿ, ಗಾಳಿ ಸೋರಿ, ಎದೆಗೆ ಹಾಕಿದ ಡ್ರೈನ್ ಕೊಳವೆ ತೆಗೆಯುವಷ್ಟರಲ್ಲಿ ವಾರ ದಾಟಿತು. ಅಂಥವರಿಗೆ ಈಗ ಇಡೀ ಲೋಬ್ ತೆಗೆಯುತ್ತೇನೆ.