ಹತ್ತಿಗೆ ಅಂಟಿದ ನೀಲಿ

ಹಳೇ ಚರ್ಚಿನ ಗೋಡೆಚಿತ್ರ ಸರಿಮಾಡುವ ಕೆಲಸ ಅಂದರೆ ಜನರಿಗೆ ಮೊದಲು ನೆನಪಾಗುವುದು ಕುಂಚ. ಇಟಲಿಯ ಉಂಬ್ರಿಯಾದ ಒಂದು ಹಳ್ಳಿ ಚರ್ಚಿನಲ್ಲಿ ಕೆಲಸಕ್ಕೆ ಸೇರಿದಾಗ ಮೂರು ತಿಂಗಳು ನನ್ನ ಕೈಗೆ ಕುಂಚ ಕೊಡಲೇ ಇಲ್ಲ. ಮೈಸೂರಿನಲ್ಲಿ ಚಿತ್ರಕಲೆ ಕಲಿತು ಹೋದವನಿಗೆ ಸಿಟ್ಟು ಬರುತ್ತೆ, ಅಲ್ವಾ? ನನಗೆ ಸಿಕ್ಕ ಕೆಲಸ ಗೋಡೆ ತಟ್ಟುವುದು.

ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಬೇಕು. ಗಾರೆ ಗೋಡೆಗೆ ಕಚ್ಚಿಕೊಂಡಿದ್ದರೆ ಮೊಂಡು ಸದ್ದು. ಬಿಟ್ಟುಕೊಂಡಿದ್ದರೆ ಟೊಳ್ಳು. ಸಂತೆಯಲ್ಲಿ ಕಲ್ಲಂಗಡಿ ತಟ್ಟಿ ನೋಡುವಂತೆಯೇ. ಟೊಳ್ಳಾದ ಜಾಗಕ್ಕೆ ಸಿರಿಂಜಿನಲ್ಲಿ ಮೊದಲು ನೀರು, ಆಲ್ಕೋಹಾಲ್ ಬಿಟ್ಟು, ಆಮೇಲೆ ಸುಣ್ಣದ ತೆಳು ಗಂಜಿ ತುಂಬುತ್ತಿದ್ದೆವು. ಅದು ಎಲ್ಲಿಂದಲೋ ಸೋರಿ ಯಾವುದೋ ಸಂತನ ಗಡ್ಡದ ಮೇಲೆ ಇಳಿಯುತ್ತಿತ್ತು. ಹಾಗಾಗಿ ಇನ್ನೊಂದು ಕೈಯಲ್ಲಿ ಸದಾ ಹತ್ತಿ. ಹಿಂದೆ ಯಾರೋ ಪುಣ್ಯಾತ್ಮರು ಬಿರುಕಿಗೆ ಸಿಮೆಂಟ್ ಮೆತ್ತಿದ್ದರು. ಸಿಮೆಂಟಿನಿಂದ ಉಪ್ಪು ಬರುತ್ತದೆ, ತೇವ ಒಳಗೇ ಉಳಿಯುತ್ತದೆ. ಅದನ್ನು ಚೂರು ಚೂರಾಗಿ ಬಿಡಿಸಲು ಎರಡು ವಾರ ಬೇಕಾಯಿತು.

ತಟ್ಟುತ್ತಾ ತಟ್ಟುತ್ತಾ ಗೋಡೆ ಓದಲು ಬಂತು. ಫ್ರೆಸ್ಕೊ ಅಂದರೆ ಹಸಿ ಗಾರೆಯ ಮೇಲೆ ಬರೆದ ಚಿತ್ರ. ಸುಣ್ಣ ಗಾಳಿ ಕುಡಿದು ಕಲ್ಲಾಗುವಾಗ ಬಣ್ಣವನ್ನೂ ಹಿಡಿದುಕೊಳ್ಳುತ್ತದೆ. ಆದ್ದರಿಂದ ಒಂದು ದಿನಕ್ಕೆ ಬರೆಯುವಷ್ಟೇ ಗಾರೆ ಬಳಿಯುತ್ತಿದ್ದರು. ಆ ತುಂಡಿಗೆ ಜೊರ್ನಾತಾ ಅಂತ ಹೆಸರು. ಟಾರ್ಚನ್ನು ಗೋಡೆಗೆ ಒರಗಿಸಿ ಬೆಳಕು ಬಿಟ್ಟರೆ ಅಂಚು ಕಾಣುತ್ತದೆ. ಯಾವ ತುಂಡು ಯಾವುದರ ಮೇಲೆ ಹತ್ತಿದೆ ಎಂದು ನೋಡಿದರೆ ಯಾವುದು ಮೊದಲು, ಯಾವುದು ಆಮೇಲೆ ಅಂತ ಗೊತ್ತಾಗುತ್ತದೆ. ಇದು ಅಪ್ಪಟ ಪುರಾತತ್ವದವರ ಅಗೆತದ ಲೆಕ್ಕ. ರೋಮಿನ ಸಾಂತಾ ಮರಿಯಾ ಆಂತಿಕ್ವಾ ಚರ್ಚಿನ ಒಂದು ಗೋಡೆಯಲ್ಲಿ 6ರಿಂದ 8ನೇ ಶತಮಾನದವರೆಗಿನ ಚಿತ್ರಗಳು ಪದರದ ಮೇಲೆ ಪದರವಾಗಿವೆ. ಅದನ್ನು ನೋಡಿದ ದಿನ ಚಿತ್ರಗಾರ ಅನ್ನುವ ನನ್ನ ಜಂಭ ಅರ್ಧ ಇಳಿಯಿತು.

ಉಳಿದರ್ಧ ಇಳಿದದ್ದು ಮೇರಿಯ ನಿಲುವಂಗಿಯ ಮುಂದೆ.

ಕಪ್ಪೆಲ್ಲ ಕೊಳೆಯಲ್ಲ ಅಂತ ನನಗೆ ಹೇಳಿಕೊಟ್ಟಿದ್ದರು. ಅಸ್ಸೀಸಿ ಊರಿನ ಚರ್ಚಿನಲ್ಲಿ ಚಿಮಾಬೂಯೆ ಅನ್ನುವ ಹಳೇ ಚಿತ್ರಗಾರ ಬಳಸಿದ ಸೀಸದ ಬಿಳಿ ಬಣ್ಣ ಕಪ್ಪಾಗಿ, ಚಿತ್ರಗಳು ಫೋಟೋ ನೆಗೆಟಿವ್‌ನಂತಾಗಿವೆ. ಇದು ಗೊತ್ತಿದ್ದೂ ಆ ಕಪ್ಪು ನಿಲುವಂಗಿಯನ್ನು ನೋಡಿ ಮೇಣದಬತ್ತಿಯ ಮಸಿ ಅಂದುಕೊಂಡೆ. ಪಕ್ಕದ ದೇವದೂತನ ಕೆಂಪು ಬಟ್ಟೆಯನ್ನು ಒದ್ದೆ ಹತ್ತಿಯಿಂದ ಆಗಲೇ ಒರೆಸಿದ್ದೆ, ಬಣ್ಣ ಅಲ್ಲಾಡಿರಲಿಲ್ಲ. ಕಡ್ಡಿಗೆ ಸುತ್ತಿದ ಅದೇ ಥರದ ಹತ್ತಿಯನ್ನು ಇಲ್ಲಿ ಒಂದು ಸುತ್ತು ಉರುಳಿಸಿದೆ. ಎತ್ತಿ ನೋಡಿದರೆ ಹತ್ತಿಯೆಲ್ಲ ನೀಲಿ.

ಕೈ ತಣ್ಣಗಾಯಿತು. ಅಜುರೈಟ್ ಅನ್ನುವ ಕಲ್ಲು ಅರೆದು ಮಾಡಿದ ನೀಲಿ ಹಸಿ ಸುಣ್ಣದ ಜೊತೆ ಹೊಂದುವುದಿಲ್ಲ. ಆ ಕಾಲದವರು ಕೆಳಪದರವಾಗಿ ಕಡುಬಣ್ಣ ಬಳಿದು, ಗೋಡೆ ಒಣಗಿದ ಮೇಲೆ ನೀಲಿಯನ್ನು ಅಂಟಿನಲ್ಲಿ ಕಲಸಿ ಹಚ್ಚುತ್ತಿದ್ದರು. ಅಂಟು ನೀರಿಗೆ ಬಿಡುತ್ತದೆ, ಅಷ್ಟೇ. ಪಾದುವಾದ ಸ್ಕ್ರೊವೆನ್ಯಿ ಚಾಪೆಲ್‌ನಲ್ಲಿ ಚಿತ್ರಗಾರ ಜೊತ್ತೊ 1305ರ ಹೊತ್ತಿಗೆ ಮುಗಿಸಿದ ಚಿತ್ರಗಳಲ್ಲೂ ಕೆಲವು ನಿಲುವಂಗಿಗಳ ನೀಲಿ ಉದುರಿಹೋಗಿದೆ. ನಮ್ಮ ಗೋಡೆಯಲ್ಲಿ 600 ವರ್ಷ ದಾಟಿ ಅಲ್ಲೊಂದು ಇಲ್ಲೊಂದು ಚುಕ್ಕೆ ಉಳಿದಿತ್ತು. ಅದರಲ್ಲಿ ಉಗುರಿನಷ್ಟು ಜಾಗದ್ದು ನನ್ನ ಹತ್ತಿಗೆ ಬಂತು.

ಮೇಲ್ವಿಚಾರಕಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾನೇ ಬಾಯಿ ತೆರೆದು, "ಅಲ್ಲಿ ನೀಲಿ ಹಚ್ಚಿಬಿಡಲಾ? ಯಾರಿಗೂ ಗೊತ್ತಾಗಲ್ಲ" ಅಂದೆ. "ಅದಕ್ಕೇ ಬೇಡ" ಅಂದರು. ಅವರು ಓದಿದ್ದು ರೋಮಿನಲ್ಲಿ 1939ರಲ್ಲಿ ಶುರುವಾದ, ಹಳೇ ಕಲಾಕೃತಿ ಸರಿಮಾಡುವುದನ್ನು ಕಲಿಸುವ ಸಂಸ್ಥೆಯಲ್ಲಿ. ಅದರ ಮೊದಲ ನಿರ್ದೇಶಕ ಚೆಸಾರೆ ಬ್ರಾಂದಿ ಹಾಕಿಕೊಟ್ಟ ಪದ್ಧತಿಯಲ್ಲಿ ಕಳೆದುಹೋದ ಭಾಗವನ್ನು ಸಣ್ಣ ನೆಟ್ಟಗಿನ ಗೆರೆಗಳಿಂದ ತುಂಬುತ್ತಾರೆ. ದೂರಕ್ಕೆ ಬಣ್ಣ ಕೂಡಿಕೊಳ್ಳುತ್ತದೆ, ಹತ್ತಿರ ಬಂದರೆ ಹೊಸದು ಅಂತ ಗೊತ್ತಾಗಲೇಬೇಕು. ಅದೂ ಹೊಸ ಗಾರೆ ಹಾಕಿದ ಕಡೆ ಮಾತ್ರ. ಹಳೇ ಪದರ ಇದ್ದ ಕಡೆ ಸುಮ್ನೆ ಬಿಡುವುದು.

ಕೊನೆಗೆ ಕುಂಚ ಸಿಕ್ಕಾಗ ನಾಲ್ಕು ವಾರ ಬರೀ ಗೆರೆ ಎಳೆದೆ. ನಿಲುವಂಗಿಯ ಆ ಉಗುರಗಲ ಈಗಲೂ ಕಪ್ಪಾಗೇ ಇದೆ. ನೀಲಿ ಹತ್ತಿಯನ್ನು ಎಸೆಯಲು ಹೋದಾಗ ಮೇಲ್ವಿಚಾರಕಿ ತಡೆದು, ಪುಟ್ಟ ಡಬ್ಬಿಗೆ ಹಾಕಿ ಲ್ಯಾಬಿಗೆ ಕಳಿಸಿದರು. ಅಂಟು ಯಾವುದು ಅಂತ ತಿಳಿದದ್ದು ಅದರಿಂದಲೇ. ವರದಿಯಲ್ಲಿ ಮಾದರಿ ತೆಗೆದವರು ಎಂಬಲ್ಲಿ ನನ್ನ ಹೆಸರಿದೆ. ಹೇಗೆ ತೆಗೆದದ್ದು ಎಂಬಲ್ಲಿ, ಅವರದೇ ಕೈಬರಹದಲ್ಲಿ, "ತಪ್ಪಿನಿಂದ" ಅಂತ.