ಐಸಿಯು ಪೋಸ್ಟಿಂಗ್‌: ಮಾನಿಟರ್ ಅಂಕಿ ನಂಬುವ ಮೊದಲು ನಾನು ನೋಡುತ್ತಿದ್ದದ್ದು

ಐಸಿಯುಗೆ ಬಂದ ನರ್ಸಿಂಗ್ ವಿದ್ಯಾರ್ಥಿಯ ಕಣ್ಣು ಮೊದಲು ಹೋಗುವುದೇ ಮಾನಿಟರ್ ಕಡೆಗೆ. ನಾನು ಅದನ್ನು ಕೊನೆಗಿಟ್ಟುಕೊಂಡೆ. ಹ್ಯಾಂಡ್‌ಓವರ್ (ಹಿಂದಿನ ಪಾಳಿಯವರು ರೋಗಿಯ ವಿವರ ಒಪ್ಪಿಸುವುದು) ಮುಗಿದ ಕೂಡಲೇ ರೋಗಿಯನ್ನು ತಲೆಯಿಂದ ಕಾಲಿನವರೆಗೆ ನೋಡಿ, ಪ್ರತಿ ಲೈನನ್ನೂ (ರಕ್ತನಾಳಕ್ಕೆ ಹಾಕಿದ ನಳಿಕೆ) ಚರ್ಮದ ಬಳಿಯಿಂದ ಪಂಪಿನವರೆಗೆ ಬೆರಳಲ್ಲಿ ಹಿಡಿದು ಸಾಗಿ, ಆಮೇಲೆ ಅಂಕಿ ಬರೆದುಕೊಳ್ಳುತ್ತಿದ್ದೆ. ರೋಗಿಗೆ ಪ್ರಜ್ಞೆ ಇಲ್ಲವೆಂದು ಕಂಡರೂ ಹೆಸರು ಹಿಡಿದು ಕರೆದು, ಏನು ಮಾಡಲಿದ್ದೇನೆಂದು ಹೇಳಿಯೇ ಮುಟ್ಟಬೇಕು. ಅವರಿಗೆ ಕೇಳಿಸುತ್ತಿರಬಹುದು.

ಅಂಕಿ ತಪ್ಪುದಾರಿ ಹಿಡಿಸುವುದು ಹೆಚ್ಚಾಗಿ ಆರ್ಟೀರಿಯಲ್ ಲೈನಿನಲ್ಲಿ, ಅಂದರೆ ರಕ್ತದೊತ್ತಡ ಅಳೆಯಲು ಅಪಧಮನಿಗೆ ಹಾಕಿದ ನಳಿಕೆಯಲ್ಲಿ. ಅದರ ಒತ್ತಡ ಅಳೆಯುವ ಟ್ರಾನ್ಸ್‌ಡ್ಯೂಸರ್ ಹೃದಯದ ಮಟ್ಟದಲ್ಲಿ, ಅಂದರೆ ನಾಲ್ಕನೇ ಪಕ್ಕೆಲುಬಿನ ಸಂದಿಯ ನೇರಕ್ಕೆ, ಎದೆಯ ಮುಂಭಾಗಕ್ಕೂ ಬೆನ್ನಿಗೂ ನಟ್ಟನಡುವೆ ಇರಬೇಕು. ಅದು 10 ಸೆಂ.ಮೀ. ಕೆಳಗಿಳಿದರೆ ಒತ್ತಡ ಸುಮಾರು 7.5 ಎಂಎಂಎಚ್‌ಜಿ (ಪಾದರಸದ ಮಿಲಿಮೀಟರ್) ಹೆಚ್ಚಾಗಿ ಕಾಣುತ್ತದೆ. ಪರದೆಯಲ್ಲಿ ಎಂಎಪಿ (ಸರಾಸರಿ ರಕ್ತದೊತ್ತಡ) 65 ಇದ್ದರೂ ನಿಜದಲ್ಲಿ 57ರ ಆಸುಪಾಸು. ಆದ್ದರಿಂದ ಹಾಸಿಗೆ ಎತ್ತಿ ಇಳಿಸಿದಾಗಲೆಲ್ಲ ಮಟ್ಟ ಸರಿಮಾಡಬೇಕು. ಲೈನಿಗೆ ಫ್ಲಶ್ ದ್ರವ ಒತ್ತಿ ಕಳಿಸುವ ಪ್ರೆಶರ್ ಬ್ಯಾಗ್ 300 ಎಂಎಂಎಚ್‌ಜಿಯಲ್ಲಿರಲಿ. ಪರದೆಯಲ್ಲಿ ಒತ್ತಡದ ಅಲೆಯ ತುದಿ ಮೊಂಡಾಗಿದ್ದರೆ ಗಾಳಿಗುಳ್ಳೆ, ಹೆಪ್ಪು, ಮಡಚಿದ ಮಣಿಕಟ್ಟು, ಇವನ್ನು ಹುಡುಕಿ. ಅಂಥ ಅಲೆಯಲ್ಲಿ ಸಿಸ್ಟಾಲಿಕ್ (ಮೇಲಿನ ಒತ್ತಡ) ಕಡಿಮೆ ತೋರುತ್ತದೆ.

ನಾರ್‌ಅಡ್ರಿನಲಿನ್ (ರಕ್ತದೊತ್ತಡ ಏರಿಸುವ ಔಷಧಿ) ಹೋಗುತ್ತಿರುವ ಲೈನಿಗೆ ಬೇರೆ ಔಷಧಿ ಹಾಕುವುದಾಗಲಿ ಫ್ಲಶ್ ಮಾಡುವುದಾಗಲಿ ಕೂಡದು: ಒಳಗಿರುವುದೆಲ್ಲ ಒಮ್ಮೆಗೇ ರಕ್ತಕ್ಕೆ ಸೇರಿ ಒತ್ತಡ ಏರುತ್ತದೆ. ಆ ಔಷಧಿಯ ಪರಿಣಾಮ ಕೆಲವೇ ನಿಮಿಷದ್ದು, ಹಾಗಾಗಿ ಸಿರಿಂಜ್ ಖಾಲಿಯಾಗುವ ಮೊದಲೇ ಮುಂದಿನದು ಸಿದ್ಧವಿರಬೇಕು. ಬದಲಾಯಿಸುವಾಗ ಸ್ಟಾಫ್ ನರ್ಸ್ ಪಕ್ಕದಲ್ಲಿ ಇರಲೇಬೇಕು.

ಸಕ್ಷನ್, ಅಂದರೆ ಉಸಿರಾಟದ ಟ್ಯೂಬಿನಿಂದ ಕಫ ಹೀರಿ ತೆಗೆಯುವುದು, ಗಡಿಯಾರ ನೋಡಿ ಮಾಡುವ ಕೆಲಸವಲ್ಲ. ಟ್ಯೂಬಿನಲ್ಲಿ ಕಫ ಕಂಡಾಗ, ಗೊರಗೊರ ಸದ್ದು ಕೇಳಿಸಿದಾಗ, ವೆಂಟಿಲೇಟರಿನ ಫ್ಲೋ ಗೆರೆ ಗರಗಸದ ಹಲ್ಲಿನಂತಾದಾಗ ಮಾಡಬೇಕು. ಕ್ಯಾಥೆಟರ್ ದಪ್ಪ ಟ್ಯೂಬಿನ ಒಳವ್ಯಾಸದ ಅರ್ಧ ಮೀರಬಾರದು. 8 ಎಂಎಂ ಟ್ಯೂಬಿಗೆ 12 ಫ್ರೆಂಚ್ (4 ಎಂಎಂ). ಮೊದಲು 30ರಿಂದ 60 ಸೆಕೆಂಡು ನೂರು ಶೇಕಡಾ ಆಕ್ಸಿಜನ್. ಸಕ್ಷನ್ ಒತ್ತಡ 80ರಿಂದ 120 ಎಂಎಂಎಚ್‌ಜಿ. ತಡೆ ಸಿಗುವವರೆಗೆ ಒಳಬಿಟ್ಟು, 1 ಸೆಂ.ಮೀ. ಹಿಂದೆಳೆದು, ಹೊರತೆಗೆಯುವಾಗ ಮಾತ್ರ ಎಳೆತ ಕೊಡಬೇಕು. ಒಳಬಿಟ್ಟು ಹೊರತೆಗೆಯುವುದೆಲ್ಲ 15 ಸೆಕೆಂಡಿನೊಳಗೆ ಮುಗಿಯಬೇಕು. ವೇಗಸ್ ನರ ಕೆರಳಿ ನಾಡಿ ಇಳಿಯಬಹುದು. ಇಳಿದರೆ ಕೂಡಲೇ ನಿಲ್ಲಿಸಿ ಆಕ್ಸಿಜನ್ ಕೊಡಿ. ಪ್ರತಿ ಸಲವೂ ಟ್ಯೂಬಿಗೆ ಸಲೈನ್ ಹಾಕುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ.

ವೆಂಟಿಲೇಟರ್ ಅಲಾರಾಂ ಕೂಗಿದರೆ ಗುಂಡಿಗಿಂತ ಮೊದಲು ರೋಗಿಯ ಎದೆ ನೋಡಿ. ಹೈ ಪ್ರೆಶರ್ ಎಂದರೆ ಟ್ಯೂಬ್ ಕಚ್ಚಿರುವುದು, ಮಡಚಿರುವುದು, ಕಫ, ಪೈಪಿನಲ್ಲಿ ನಿಂತ ನೀರು. ನ್ಯೂಮೋಥೊರಾಕ್ಸ್ (ಶ್ವಾಸಕೋಶದ ಸುತ್ತ ಗಾಳಿ ಸೇರುವುದು) ಕೂಡ ಇರಬಹುದು. ಲೋ ಪ್ರೆಶರ್ ಎಂದರೆ ಎಲ್ಲೋ ಕಳಚಿದೆ, ಇಲ್ಲವೇ ಟ್ಯೂಬಿನ ಸುತ್ತಲಿನ ಗಾಳಿಚೀಲ (ಕಫ್) ಸೋರುತ್ತಿದೆ. ಕಾರಣ ಸಿಗದೆ ಸ್ಯಾಚುರೇಷನ್ (ರಕ್ತದ ಆಕ್ಸಿಜನ್ ಮಟ್ಟ) ಇಳಿಯುತ್ತಿದ್ದರೆ ಜೋರಾಗಿ ಸಹಾಯಕ್ಕೆ ಕರೆಯಿರಿ. ಸ್ಟಾಫ್ ವೆಂಟಿಲೇಟರಿನಿಂದ ಬಿಡಿಸಿ ಆಂಬು ಬ್ಯಾಗ್ ಒತ್ತಿ ಕೈಯಿಂದಲೇ ಉಸಿರು ಕೊಡುತ್ತಾರೆ. ಆಂಬು ಬ್ಯಾಗ್ ಹಾಸಿಗೆಯ ಬಳಿ ಇದೆಯೇ, ಆಕ್ಸಿಜನ್‌ಗೆ ಜೋಡಿಸಿದೆಯೇ ಎಂದು ಡ್ಯೂಟಿಯ ಆರಂಭದಲ್ಲೇ ನೋಡಿಟ್ಟುಕೊಳ್ಳುವುದು ಇದಕ್ಕಾಗಿಯೇ. ಕಫ್ ಒತ್ತಡ 20ರಿಂದ 30 ಸೆಂ.ಮೀ. ನೀರು: ಕಡಿಮೆಯಾದರೆ ಎಂಜಲು ಶ್ವಾಸಕೋಶಕ್ಕಿಳಿಯುತ್ತದೆ, ಹೆಚ್ಚಾದರೆ ಶ್ವಾಸನಾಳದ ಒಳಪದರಕ್ಕೆ ರಕ್ತ ತಲುಪುವುದಿಲ್ಲ. ತಲೆಭಾಗ 30ರಿಂದ 45 ಡಿಗ್ರಿ ಎತ್ತಿರಲಿ.

ಮೂತ್ರ ಗಂಟೆಗೆ ಪ್ರತಿ ಕಿಲೋ ತೂಕಕ್ಕೆ ಕನಿಷ್ಠ 0.5 ಎಂಎಲ್, ಅಂದರೆ 60 ಕಿಲೋ ರೋಗಿಗೆ 30 ಎಂಎಲ್ ಬರಬೇಕು. ಒಮ್ಮೆಲೇ ನಿಂತರೆ ಮೊದಲು ಪೈಪ್ ತೊಡೆಯ ಕೆಳಗೆ ಸಿಕ್ಕಿಕೊಂಡಿದೆಯೇ ನೋಡಿ, ಮೂತ್ರಕೋಶ ಉಬ್ಬಿದೆಯೇ ಎಂದು ಹೊಟ್ಟೆಯ ಕೆಳಭಾಗ ಮುಟ್ಟಿ ನೋಡಿ. ಅಲ್ಲೇನೂ ಇಲ್ಲದಿದ್ದರೆ ಮುಂದಿನ ಗಂಟೆಯ ಎಂಟ್ರಿಗೆ ಕಾಯದೆ ಸ್ಟಾಫ್ ನರ್ಸಿಗೆ ತಿಳಿಸಿ.