ಹಿನ್ನೀರ ದಂಡೆಯಲ್ಲಿ ಜಿಯೊಕ್ಯಾಶ್: ಡಬ್ಬಿ ಎಲ್ಲಿಡಬೇಕು, ಹೇಗಿಡಬೇಕು?

ಒಬ್ಬರು ಡಬ್ಬಿ ಅಡಗಿಸಿ ಅದರ ಅಕ್ಷಾಂಶ, ರೇಖಾಂಶವನ್ನು ಆ್ಯಪ್‌ನಲ್ಲಿ ಹಾಕುತ್ತಾರೆ. ಉಳಿದವರು ಜಿಪಿಎಸ್ ಹಿಡಿದು ಹುಡುಕಿ, ಒಳಗಿನ ಪುಸ್ತಕದಲ್ಲಿ ಹೆಸರು ಬರೆದು ಬರುತ್ತಾರೆ. ಜಿಯೊಕ್ಯಾಶಿಂಗ್ ಎಂಬ ಆಟ ಇಷ್ಟೇ. ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸುವುದನ್ನು ಅಮೆರಿಕ ನಿಲ್ಲಿಸಿದ ಬೆನ್ನಿಗೇ, 2000ರ ಮೇ 3ರಂದು, ಒರೆಗಾನ್‌ನಲ್ಲಿ ಮೊದಲ ಡಬ್ಬಿ ಕೂತಿತು.

ಬಾಗಲಕೋಟೆ ಮಂದಿಗೆ ಇದಕ್ಕೆ ಆಲಮಟ್ಟಿ ಹಿನ್ನೀರೇ ಸರಿಯಾದ ಬಯಲು. ಹೆರಕಲ್ ಸುತ್ತ ರಾಜಹಂಸಗಳು ಇಳಿಯುವ ಜಾಗವಂತೂ ಸೈ. ಆದರೆ ಕಡಲಿನ ಉಬ್ಬರ ದಿನಕ್ಕೆರಡು ಸಲವಾದರೆ ಇಲ್ಲಿ ವರ್ಷಕ್ಕೊಂದೇ. ಅದನ್ನು ಮರೆತು ಬೇಸಿಗೆಯಲ್ಲಿ ಇಟ್ಟ ಡಬ್ಬಿ ಮಳೆಗಾಲದಲ್ಲಿ ತೇಲಿ ಹೋಗುತ್ತದೆ.

ಜಾಗ

ಜಲಾಶಯದ ಗರಿಷ್ಠ ಮಟ್ಟ 519.60 ಮೀಟರ್. ಫೋನು ತೋರಿಸುವ ಎತ್ತರ ನಂಬಿ ಇದನ್ನು ಲೆಕ್ಕ ಹಾಕಬೇಡಿ. ಕೆಲವು ಆ್ಯಪ್‌ಗಳು ಸಮುದ್ರಮಟ್ಟದಿಂದ ಅಳೆಯುವುದಿಲ್ಲ, ಹತ್ತಾರು ಮೀಟರ್ ವ್ಯತ್ಯಾಸ ಬರುತ್ತದೆ. ಅದಕ್ಕಿಂತ ನೆಲ ನೋಡುವುದು ಮೇಲು. ಒಣಕಡ್ಡಿ, ಬಾಟಲಿ, ಬಸವನಹುಳದ ಚಿಪ್ಪು ಒಂದೇ ಗೆರೆಯಾಗಿ ಬಿದ್ದಿರುತ್ತವಲ್ಲ, ಹೋದ ವರ್ಷ ನೀರು ಮುಟ್ಟಿದ ಅಂಚು ಅದು. ಅಂಥ ಗೆರೆಗಳಲ್ಲಿ ಅತಿ ಮೇಲಿನದನ್ನು ಹಿಡಿದು, ಅಲ್ಲಿಂದ ಎರಡಾಳು ಎತ್ತರಕ್ಕೆ ಹೋಗಿ. ನೈರುತ್ಯದ ಮುಂಗಾರು ಗಾಳಿಗೆ ಬೆನ್ನು ಕೊಟ್ಟ ಬಂಡೆಯ ಈಶಾನ್ಯ ಮಗ್ಗುಲು ಒಳ್ಳೆಯದು. ನೆಲ ಅಗೆದು ಹೂಳುವಂತಿಲ್ಲ, ಇದು ಆಟದ ನಿಯಮ. ಅಣೆಕಟ್ಟು, ಸೇತುವೆಗಳ ಹತ್ತಿರ ಬೇಡವೇ ಬೇಡ. ಹೊಲವಾದರೆ ಒಡೆಯರ ಒಪ್ಪಿಗೆ ಬೇಕು. ಈಗಾಗಲೇ ಇರುವ ಡಬ್ಬಿಯಿಂದ ಕನಿಷ್ಠ 161 ಮೀಟರ್ ದೂರವಿರಬೇಕು.

ಡಬ್ಬಿ

ನಾಲ್ಕೂ ಕಡೆ ಕ್ಲಿಪ್, ಮುಚ್ಚಳದಲ್ಲಿ ಸಿಲಿಕೋನ್ ರಿಂಗ್ ಇರುವ ಮುಕ್ಕಾಲು ಲೀಟರ್ ಪ್ಲಾಸ್ಟಿಕ್ ಡಬ್ಬಿ ಸಾಕು. ಸ್ಟೀಲ್ ಟಿಫಿನ್ ಡಬ್ಬಿಯ ಮುಚ್ಚಳದಲ್ಲಿ ನೀರು ಒಸರುತ್ತದೆ, ಹೊಳಪು ದೂರಕ್ಕೇ ಕಾಣುತ್ತದೆ. ಒಳಗೆ ಜಿಪ್ ಚೀಲದಲ್ಲಿ ಪುಟ್ಟ ಪುಸ್ತಕ, ಸೀಸದ ಕಡ್ಡಿ, ಎರಡು ಸಿಲಿಕಾ ಜೆಲ್ ಪೊಟ್ಟಣ. ಪೆನ್ನಿನ ಶಾಯಿ ನಮ್ಮ ಬಿಸಿಲಿಗೆ ಒಣಗುತ್ತದೆ. ತಿನಿಸು ಇಟ್ಟರೆ ಇರುವೆ, ಇಲಿ ಗ್ಯಾರಂಟಿ. ಚೀಲದ ತುದಿ ರಿಂಗಿನಡಿ ಒಂದು ಎಳೆಯಷ್ಟು ಸಿಕ್ಕಿಕೊಂಡರೂ ಮೊದಲ ಮಳೆಗೇ ಪುಸ್ತಕ ಮುದ್ದೆ. ಹೊರಗೆ ಕನ್ನಡದಲ್ಲೇ ‘ಆಟದ ಡಬ್ಬಿ, ಅಪಾಯವಿಲ್ಲ’ ಎಂದು ಬರೆಯಿರಿ. ಕುರಿ ಕಾಯುವವರ ಕಣ್ಣಿಗೆ ಬಿದ್ದೇ ಬೀಳುತ್ತದೆ.

ಅಂಕಿ

ಹೆಚ್ಚಿನವರು ಎಡವುವುದು ಇಲ್ಲಿ. ಫೋನ್ ಹತ್ತು ನಿಮಿಷ ಡಬ್ಬಿಯ ಮೇಲಿಟ್ಟು ಅಂಕಿ ಬರೆದುಕೊಳ್ಳಿ, ಬೇರೆ ಹೊತ್ತಿನಲ್ಲಿ ಮತ್ತೊಮ್ಮೆ ತೆಗೆದು ಸರಾಸರಿ ಮಾಡಿ. ಆಟದಲ್ಲಿ ಅಕ್ಷಾಂಶ, ರೇಖಾಂಶ ಬರೆಯುವುದು ಡಿಗ್ರಿ, ನಿಮಿಷಗಳಲ್ಲಿ (ಇಲ್ಲಿ ನಿಮಿಷವೆಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ). ಫೋನು ಅಕ್ಷಾಂಶ 16.2125 ಡಿಗ್ರಿ ಎಂದರೆ ದಶಮಾಂಶ ಭಾಗವನ್ನು 60ರಿಂದ ಗುಣಿಸಬೇಕು: 16 ಡಿಗ್ರಿ 12.750 ನಿಮಿಷ. ಅದನ್ನೇ 16 ಡಿಗ್ರಿ 21.25 ನಿಮಿಷ ಎಂದು ಬರೆದರೆ ಹುಡುಕುವವರು 15 ಕಿಲೋಮೀಟರ್‌ಗೂ ಹೆಚ್ಚು ಉತ್ತರಕ್ಕೆ ಹೋಗಿ ನಿಲ್ಲುತ್ತಾರೆ. ನಿಮಿಷದ ಮೂರನೇ ದಶಮಾಂಶ ಒಂದು ಹೆಚ್ಚುಕಮ್ಮಿಯಾದರೆ ಎರಡು ಮೀಟರ್ ಒಳಗಿನ ವ್ಯತ್ಯಾಸ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಹುಡುಕುವವರಿಗೆ

ಕೊನೆಯ ಹತ್ತು ಮೀಟರ್‌ನಲ್ಲಿ ಫೋನ್ ಜೇಬಿಗಿಟ್ಟು ಕಣ್ಣಿಗೆ ಕೆಲಸ ಕೊಡಿ. ಸಹಜವಲ್ಲದಂತೆ ಜೋಡಿಸಿದ ಕಲ್ಲು ಕಂಡರೆ ಕೋಲಿನಿಂದ ಸರಿಸಿ. ಚೇಳು, ಹಾವು ಎರಡೂ ಇರುವ ಸೀಮೆ. ಗಾಳಿಗೆ ಬೆನ್ನು ಹಾಕಿ ಕೂತು, ಡಬ್ಬಿಯನ್ನು ತೊಡೆಯ ಮೇಲಿಟ್ಟೇ ತೆರೆಯಿರಿ. ಇಲ್ಲದಿದ್ದರೆ ಹಾಳೆ ಹಿಡಿಯಲು ಜಾಲಿಯ ಮುಳ್ಳಿನೊಳಗೆ ಓಡಬೇಕಾಗುತ್ತದೆ.

ನೀರಿನಂಚಿಗೆ ಇಳಿಯಬೇಡಿ. ಎರೆಮಣ್ಣು ಮೇಲೆ ಬಿರಿದು ಒಣಗಿದಂತೆ ಕಂಡರೂ ಕೆಳಗೆ ಮೊಣಕಾಲುದ್ದ ಕೆಸರಿರಬಹುದು. ಚಳಿಗಾಲದಲ್ಲಿ ರಾಜಹಂಸ, ಪಟ್ಟೆತಲೆ ಬಾತುಗಳಿಂದ ಕನಿಷ್ಠ ನೂರು ಮೀಟರ್ ದೂರವಿರಿ. ಮೇಯುತ್ತಿದ್ದವು ಒಟ್ಟಿಗೆ ಕತ್ತೆತ್ತಿದರೆ ಅಲ್ಲೇ ನಿಂತು ಹಿಂದೆ ಸರಿಯಿರಿ. ಬೇಸಿಗೆಯಲ್ಲಿ ಹೊಳೆ ರೀವ, ಟಿಟ್ಟಿಭಗಳು ಬರಿ ನೆಲದಲ್ಲೇ ಮೊಟ್ಟೆಯಿಡುತ್ತವೆ. ಮೊಟ್ಟೆಗೂ ಬೆಣಚುಕಲ್ಲಿಗೂ ಬಣ್ಣದಲ್ಲಿ ಭೇದವೇ ಕಾಣದು. ಟಿಟ್ಟಿಭ ತಲೆಯ ಮೇಲೆ ಸುತ್ತಿ ಕಿರುಚತೊಡಗಿದರೆ ಗೂಡು ಹತ್ತಿರವಿದೆ ಎಂದರ್ಥ. ಬಂದ ಹೆಜ್ಜೆಯ ಮೇಲೇ ಹಿಂದಿರುಗಿ, ಡಬ್ಬಿ ಇಟ್ಟವರಿಗೆ ಆ್ಯಪ್‌ನಲ್ಲಿ ತಿಳಿಸಿ. ಮರಿಗಳು ಹೊರಡುವ ತನಕ ಅವರು ಆ ಡಬ್ಬಿಯನ್ನು ತಾತ್ಕಾಲಿಕವಾಗಿ ಬಂದ್ ಎಂದು ಗುರುತಿಸಬಹುದು.